‘ರಷ್ಮಿಯರ್’ ಆಲ್ಬಂ ಕೇಳಬಹುದಾ? ವಿಮರ್ಶಕರು ಯಾಕೆ ಎರಡು ಪಾಲಾಗಿದ್ದಾರೆ?

ಮಮ್ಫರ್ಡ್ ಆಂಡ್ ಸನ್ಸ್ ಬ್ಯಾಂಡಿನ ‘ರಷ್ಮಿಯರ್’ ಅನ್ನು ಒಬ್ಬರು ಹೊಗಳುತ್ತಾರೆ, ಇನ್ನೊಬ್ಬರು ಹೊಸದೇನೂ ಇಲ್ಲ ಅನ್ನುತ್ತಾರೆ, ಯಾರ ಮಾತು ನಂಬಬೇಕು ಅಂತ ಕೇಳಿದ್ದೀರಿ. ಆಲ್ಬಂ ಚೆನ್ನಾಗಿದೆ, ಕೇಳಿ. ಅದ್ಭುತ ಅಂತ ಹೇಳಲಾರೆ. ಆದರೆ ಈ ಜಗಳ 2025ರ ಮಾರ್ಚ್‌ನಲ್ಲಿ ಬಂದ ಈ ಹತ್ತು ಹಾಡುಗಳಿಂದ ಶುರುವಾಗಿದ್ದಲ್ಲ. ಅದಕ್ಕೆ ತುಂಬಾ ಹಿಂದಿನ ಕಥೆ ಇದೆ.

ಲಂಡನ್ನಿನ ಈ ಬ್ಯಾಂಡಿನ ಮೊದಲ ಆಲ್ಬಂ ‘ಸೈ ನೋ ಮೋರ್’ ಬಂದಿದ್ದು 2009ರಲ್ಲಿ. ಹಾಡು ಮೆಲ್ಲಗೆ, ಒಂದೇ ದನಿಯಲ್ಲಿ ಶುರುವಾಗುತ್ತಿತ್ತು. ಆಮೇಲೆ ಮುಖ್ಯ ಗಾಯಕ ಮಾರ್ಕಸ್ ಮಮ್ಫರ್ಡ್ ಕೈಯಲ್ಲಿ ಗಿಟಾರ್ ನುಡಿಸುತ್ತಲೇ ಕಾಲಲ್ಲಿ ಕಿಕ್ ಡ್ರಮ್ ಬಾರಿಸುತ್ತಿದ್ದರು. ಬ್ಯಾಂಜೋ ಅನ್ನುವ ತಂತಿವಾದ್ಯ ಓಟ ಹಿಡಿಯುತ್ತಿತ್ತು. ಕೊನೆಗೆ ಎಲ್ಲರೂ ಗಂಟಲು ಬಿಚ್ಚಿ ಹಾಡುತ್ತಿದ್ದರು. 2012ರ ‘ಬೇಬಲ್’ ಕೂಡ ಇದೇ ದಾರಿ. ಅಮೆರಿಕದಲ್ಲಿ ಮೊದಲ ವಾರವೇ ಆರು ಲಕ್ಷ ಪ್ರತಿ ಮಾರಾಟವಾಯಿತು, 2013ರಲ್ಲಿ ವರ್ಷದ ಆಲ್ಬಂ ಅಂತ ಗ್ರ್ಯಾಮಿಯೂ ಬಂತು. ಆದರೂ ಎಲ್ಲ ಹಾಡೂ ಒಂದೇ ಥರ ಅನ್ನುವ ದೂರು ಆಗಲೇ ಇತ್ತು.

2015ರ ‘ವೈಲ್ಡರ್ ಮೈಂಡ್’ನಲ್ಲಿ ಬ್ಯಾಂಜೋ ಬಿಟ್ಟು ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಆಗ, ಇವರ ಗುರುತೇ ಅಳಿಸಿ ಹೋಯಿತು ಅಂತ ಬೇಸರ. 2018ರ ‘ಡೆಲ್ಟಾ’ ಹಲವರಿಗೆ ಭಾರ ಅನ್ನಿಸಿತು. 2021ರಲ್ಲಿ ಬ್ಯಾಂಜೋ ನುಡಿಸುತ್ತಿದ್ದ ವಿನ್‌ಸ್ಟನ್ ಮಾರ್ಷಲ್ ಬ್ಯಾಂಡ್ ಬಿಟ್ಟರು, ಮೂವರು ಉಳಿದರು. ಈಗ ‘ರಷ್ಮಿಯರ್’ನಲ್ಲಿ ಬ್ಯಾಂಜೋ ಮರಳಿದೆ. ಈಗಿನ ದೂರು: ಸುಮ್ನೆ ಸೇಫ್ ಆಟ ಆಡಿದ್ದಾರೆ!

ನಮ್ಮ ಶಿರಸಿ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಇದು ಗೊತ್ತಿರುವ ಜಗಳ, ಅಲ್ವಾ? ಭಾಗವತ, ಅಂದರೆ ಯಕ್ಷಗಾನದ ಹಾಡುಗಾರ ಕಾಳಿಂಗ ನಾವಡರು ಬಡಗುತಿಟ್ಟಿನ (ಉತ್ತರದ ಶೈಲಿಯ) ಪದ್ಯಗಳಿಗೆ ಹೊಸ ರಾಗ ತಂದಾಗ ಜನ ಅವರ ಹಾಡಿಗೋಸ್ಕರವೇ ರಾತ್ರಿಯಿಡೀ ಕೂತರು. ಪರಂಪರೆ ಕೆಟ್ಟಿತು ಅಂದವರೂ ಇದ್ದರು. ನಾವಡರು 1990ರಲ್ಲೇ ತೀರಿಕೊಂಡರು, ಆ ಚರ್ಚೆ ಮಾತ್ರ ಮುಗಿದಿಲ್ಲ. ಇವತ್ತಿಗೂ ಭಾಗವತರು ಹಳೇ ಮಟ್ಟಿನಲ್ಲೇ ಹಾಡಿದರೆ ‘ಹೊಸತೇನಿದೆ’, ಬದಲಿಸಿದರೆ ‘ಯಾಕೆ ಬದಲಿಸಬೇಕಿತ್ತು’. ಎರಡೂ ಮಾತು ಬರುವುದು ಪದ್ಯದ ಮೇಲೆ ಪ್ರೀತಿ ಇದ್ದವರಿಂದಲೇ. ಹಾಗಾಗಿ ಈ ಆಲ್ಬಂ ಬೈದ ವಿಮರ್ಶಕರ ಮೇಲೆ ನನಗೆ ಸಿಟ್ಟಿಲ್ಲ. ಒಂದು ವಿಷಯದಲ್ಲಿ ಅವರು ಸರಿ, ಇನ್ನೊಂದರಲ್ಲಿ ಅಲ್ಲ.

ಸರಿ ಅನ್ನಿಸುವುದು ಸಾಹಿತ್ಯದ ವಿಷಯ. ನಂಬಿಕೆ, ಅನುಮಾನ, ಕ್ಷಮೆ ಬೇಡುವುದು, ಮತ್ತೆ ಎದ್ದು ನಿಲ್ಲುವುದು. 2009ರಿಂದ ಇದೇ ಮಾತುಗಳು. ವಿಷಯ ಹಳೆಯದಾಗಿದ್ದರೆ ತೊಂದರೆಯಿಲ್ಲ, ಆದರೆ ಆ ಭಾವನೆ ಯಾವ ಊರಿನ, ಯಾವ ಮನುಷ್ಯನದು ಅಂತ ತಿಳಿಯುವಂಥ ವಿವರ ಬೇಕು. ‘ರಷ್ಮಿಯರ್’ ಅನ್ನುವುದು ಲಂಡನ್ನಿನ ದೊಡ್ಡ ಬಯಲು ವಿಂಬಲ್ಡನ್ ಕಾಮನ್‌ನಲ್ಲಿರುವ ಒಂದು ಕೊಳದ ಹೆಸರು. ಬ್ಯಾಂಡಿನವರು ಹರೆಯದಲ್ಲಿ ಕಾಲ ಕಳೆದ ಜಾಗ. ಅಂಥ ಹೆಸರಿಟ್ಟ ಮೇಲೆ ಆ ಕೊಳ, ಆ ದಿನಗಳು ಹಾಡುಗಳಲ್ಲಿ ಇನ್ನೂ ಜಾಸ್ತಿ ಕಾಣಬೇಕಿತ್ತು.

ಆದರೆ ‘ಸೇಫ್’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಶೀರ್ಷಿಕೆ ಗೀತೆ ಕೇಳಿದರೆ ಹಾಗನ್ನಿಸಬಹುದು, ಅದು ಹಳೇ ಅಭಿಮಾನಿಗಳಿಗಾಗಿಯೇ ಮಾಡಿದಂತಿದೆ. ‘ಮೊನೊಕ್ರೋಮ್’ ಕೇಳಿ. ಬೆರಳಲ್ಲಿ ಮೀಟುವ ಗಿಟಾರ್, ಹತ್ತಿರದಲ್ಲೇ ಕೂತು ಹಾಡಿದಂಥ ದನಿ. ಹಳೇ ಬ್ಯಾಂಡ್ ಆಗಿದ್ದರೆ ಈ ಹಾಡನ್ನೂ ಕೂಗಿನವರೆಗೆ ಏರಿಸುತ್ತಿತ್ತು. ಇಲ್ಲಿ ಏರಿಸಿಲ್ಲ. ಮ್ಯಾಡಿಸನ್ ಕನ್ನಿಂಗ್‌ಹ್ಯಾಮ್ ಜೊತೆ ಹಾಡಿದ ‘ಬ್ಲಡ್ ಆನ್ ದ ಪೇಜ್’ನಲ್ಲೂ ಅದೇ ತಡೆದುಕೊಳ್ಳುವ ಗುಣ ಇದೆ. ದೊಡ್ಡ ಮೈದಾನಗಳನ್ನು ಕುಣಿಸಿದವರಿಗೆ ಹೀಗೆ ಸುಮ್ಮನಿರುವುದು ಸುಲಭವಲ್ಲ. ನಿರ್ಮಾಪಕ ಡೇವ್ ಕಾಬ್ ಅವರ ಪಾಲೂ ಇದರಲ್ಲಿರಬೇಕು. ಕ್ರಿಸ್ ಸ್ಟೇಪಲ್‌ಟನ್ ಅವರಂಥ ಕಂಟ್ರಿ ಗಾಯಕರ ಜೊತೆ ಕೆಲಸ ಮಾಡಿದವರು ಅವರು, ದನಿಗೆ ಜಾಗ ಬಿಡುವುದು ಚೆನ್ನಾಗಿ ಗೊತ್ತು.

ನಾನು ಇದನ್ನು ಹೆಚ್ಚಾಗಿ ಕೇಳುವುದು ಕುಮಟಾ ಬಸ್ಸಿನಲ್ಲಿ. ಆಲ್ಬಂ ಚಿಕ್ಕದು, ಒಂದೇ ಉಸಿರಿಗೆ ಮುಗಿಯುತ್ತದೆ. ದಾರಿಯ ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ, ನೀವೂ ಈ ಕಡೆಯವರಾದರೆ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಬಸ್ಸಿನ ಸದ್ದಿನಲ್ಲಿ ಮೆಲುದನಿಯ ಹಾಡುಗಳು ಮುಳುಗಿ ಹೋಗುತ್ತವೆ, ಒಳ್ಳೆಯ ಇಯರ್‌ಫೋನ್ ಬೇಕು.

ವಿಮರ್ಶೆ ಓದುವುದಾದರೆ ಸ್ಟಾರ್ ಎಣಿಸಬೇಡಿ. ಯಾವ ಹಾಡು, ಯಾಕೆ ಹಿಡಿಸಲಿಲ್ಲ ಅಂತ ಬರೆದಿದ್ದರೆ ಮಾತ್ರ ಓದಿ. ಬ್ಯಾಂಡ್ ನಿಮಗೆ ಪೂರ್ತಿ ಹೊಸತಾದರೆ 2009ರ ಆಲ್ಬಂನಿಂದ ಶುರು ಮಾಡಿ. ಹಳೇ ಪರಿಚಯ ಇದ್ದರೆ ನೇರ ‘ಮೊನೊಕ್ರೋಮ್’ಗೆ ಹೋಗಿ, ಶೀರ್ಷಿಕೆ ಗೀತೆಯನ್ನು ಕೊನೆಗೆ ಇಟ್ಟುಕೊಳ್ಳಿ.