ಲೈಫ್‌ರೇ 7ರಲ್ಲಿ ಥೀಮ್ ಹಾಕಿದರೂ ಪಟ್ಟಿಯಲ್ಲಿ ಬರುತ್ತಿಲ್ಲ, ಯಾಕೆ?

ಲೈಫ್‌ರೇ ಅಂದರೆ ವೆಬ್‌ಸೈಟ್ ಕಟ್ಟುವ ಜಾವಾ ಪೋರ್ಟಲ್ ಸಾಫ್ಟ್‌ವೇರ್, ಥೀಮ್ ಅಂದರೆ ಅದರ ಪುಟಗಳ ರೂಪ. ಥೀಮ್‌ನ ವಾರ್ ಫೈಲನ್ನು (ಜಿಪ್‌ನಂಥ ಜಾವಾ ಪ್ಯಾಕೇಜ್) ಟಾಮ್‌ಕ್ಯಾಟ್‌ನ (ಲೈಫ್‌ರೇ ಓಡುವ ಸರ್ವರ್) ವೆಬ್‌ಆಪ್ಸ್ ಫೋಲ್ಡರ್‌ಗೆ ಹಾಕಿ ರೀಸ್ಟಾರ್ಟ್ ಕೂಡ ಮಾಡಿದ್ದೀರಿ, ಆದರೂ ಕಾಣುತ್ತಿಲ್ಲ, ಅಲ್ವಾ? ಜಾಗ ತಪ್ಪಾಗಿದೆ, ಅಷ್ಟೇ. 6ರ ಕಾಲದಲ್ಲಿ ಥೀಮ್‌ಗಳು ಕೊನೆಗೆ ವೆಬ್‌ಆಪ್ಸ್‌ಗೇ ಹೋಗಿ ಸೇರುತ್ತಿದ್ದವು, ಹಾಗಾಗಿ ಹಳೇ ಟ್ಯುಟೋರಿಯಲ್ ನೋಡಿದವರು ಇಲ್ಲೇ ಎಡವುತ್ತಾರೆ. 2016ರಲ್ಲಿ ಬಂದ 7.0ಯಿಂದ ಒಳಗಡೆ ಓಎಸ್‌ಜಿಐ (ಸರ್ವರ್ ಓಡುತ್ತಿರುವಾಗಲೇ ಜಾವಾ ಭಾಗಗಳನ್ನು ಸೇರಿಸುವ, ತೆಗೆಯುವ ವ್ಯವಸ್ಥೆ) ಇದೆ. ಈಗ ವಾರ್ ಹೋಗಬೇಕಾದದ್ದು ಲೈಫ್‌ರೇ ಹೋಮ್‌ನಲ್ಲಿರುವ (ಲೈಫ್‌ರೇಯ ಮುಖ್ಯ ಫೋಲ್ಡರ್) ‘ಡಿಪ್ಲಾಯ್’ ಫೋಲ್ಡರ್‌ಗೆ. ಪೋರ್ಟಲ್ ತಾನೇ ಅದನ್ನು ಎತ್ತಿಕೊಂಡು ‘ಓಎಸ್‌ಜಿಐ/ವಾರ್’ ಒಳಗೆ ಇಡುತ್ತದೆ, ರೀಸ್ಟಾರ್ಟ್ ಬೇಡ.

ಲಾಗ್‌ನಲ್ಲಿ ಥೀಮ್ ಹೆಸರಿನ ಜೊತೆ ‘ಸ್ಟಾರ್ಟೆಡ್’ ಅಂತ ಬಂದರೆ ಸರಿ. ಫೈಲ್ ಡಿಪ್ಲಾಯ್‌ನಲ್ಲೇ ಕೂತಿದ್ದರೆ ಪರ್ಮಿಷನ್ ನೋಡಿ. ನೀವು ರೂಟ್ ಆಗಿ ಕಾಪಿ ಮಾಡಿ, ಟಾಮ್‌ಕ್ಯಾಟ್ ಬೇರೆ ಯೂಸರ್ ಹೆಸರಲ್ಲಿ ಓಡುತ್ತಿದ್ದರೆ ಅದಕ್ಕೆ ಮುಟ್ಟೋಕೆ ಆಗಲ್ಲ. ನೆಟ್‌ವರ್ಕ್ ನಿಧಾನ ಇದ್ದರೆ ಮೊದಲು ಅದೇ ಡಿಸ್ಕ್‌ನ ಇನ್ನೊಂದು ಫೋಲ್ಡರ್‌ಗೆ ಕಾಪಿ ಮಾಡಿ, ಪೂರ್ತಿ ಬಂದ ಮೇಲೆ ಡಿಪ್ಲಾಯ್‌ಗೆ ಮೂವ್ ಮಾಡಿ. ಇಲ್ಲದಿದ್ದರೆ ಪೋರ್ಟಲ್ ಅರ್ಧ ಬಂದ ಫೈಲನ್ನೇ ಎತ್ತಿಕೊಂಡು ಒದ್ದಾಡುತ್ತದೆ.

ಥೀಮ್ ಪ್ಯಾಕೇಜ್ ಒಳಗೆ ಏನೇನು ಇರಬೇಕು ಅಂತಲೂ ಕೇಳಿದ್ದೀರಿ. ಬೇಸ್ ಥೀಮ್‌ನ (ನಿಮ್ಮ ಥೀಮ್‌ಗೆ ಆಧಾರವಾದ ಮೂಲ ಥೀಮ್) ಎಲ್ಲಾ ಫೈಲುಗಳನ್ನು ಸುಮ್ನೆ ನಿಮ್ಮ ಸೋರ್ಸ್‌ಗೆ ಸುರಿಯಬೇಡಿ. ನೀವು ಬದಲಾಯಿಸಿದ್ದು ಮಾತ್ರ ಇರಲಿ, ಉಳಿದದ್ದನ್ನು ಬಿಲ್ಡ್ ಸಮಯದಲ್ಲಿ ಗಲ್ಪ್ ಅನ್ನೋ ಬಿಲ್ಡ್ ಟೂಲ್ ಸೇರಿಸುತ್ತದೆ. ಹೀಗಿದ್ದರೆ ಮುಂದೆ ಅಪ್‌ಗ್ರೇಡ್ ಮಾಡುವಾಗ ತಲೆನೋವು ಕಡಿಮೆ. ಪುಟದ ಚೌಕಟ್ಟೆಲ್ಲ ‘ಪೋರ್ಟಲ್_ನಾರ್ಮಲ್.ಎಫ್‌ಟಿಎಲ್’ನಲ್ಲಿ ಇರುತ್ತದೆ. ಡಿಸೈನರ್ ಕೊಟ್ಟ ಎಚ್‌ಟಿಎಂಎಲ್ ಅನ್ನು ಅದರ ಮೇಲೆ ಪೇಸ್ಟ್ ಮಾಡುವವರು ಜಾಸ್ತಿ, ಆಗ ಅಲ್ಲಿದ್ದ ಇನ್‌ಕ್ಲೂಡ್ ಸಾಲುಗಳು (ಲೈಫ್‌ರೇಯ ಕೋಡನ್ನು ಪುಟಕ್ಕೆ ತರುವ ಸಾಲುಗಳು) ಹಾರಿಹೋಗುತ್ತವೆ. ಆಮೇಲೆ ಅಡ್ಮಿನ್ ಮೆನು ಇಲ್ಲ, ಜಾವಾಸ್ಕ್ರಿಪ್ಟ್ ಇಲ್ಲ, ಪುಟ ಎಡಿಟ್ ಮಾಡೋಕೂ ಆಗಲ್ಲ. ಟಾಪ್ ಹೆಡ್, ಬಾಡಿ ಟಾಪ್, ಬಾಡಿ ಬಾಟಮ್, ಬಾಟಮ್, ಈ ನಾಲ್ಕು ಇನ್‌ಕ್ಲೂಡ್ ಅಲ್ಲೇ ಇರಬೇಕು. ಒಂದೊಂದು ಪೋರ್ಟ್‌ಲೆಟ್ (ಪುಟದಲ್ಲಿ ಇಡುವ ಚಿಕ್ಕ ಆಪ್) ಸುತ್ತ ಬರುವ ಬಾರ್ಡರ್, ಶೀರ್ಷಿಕೆ ಬೇರೆ ವಿಷಯ. ಅದನ್ನು ‘ಪೋರ್ಟ್‌ಲೆಟ್.ಎಫ್‌ಟಿಎಲ್’ನಲ್ಲಿ ಬದಲಾಯಿಸಬಹುದು. ಅಷ್ಟು ಬೇಡ ಅಂದರೆ ಥೀಮ್‌ನ ಲುಕ್ ಅಂಡ್ ಫೀಲ್ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಡೆಕೊರೇಟರ್ (ಪೋರ್ಟ್‌ಲೆಟ್ ಸುತ್ತಲಿನ ಶೈಲಿಯ ಹೆಸರು) ಸೇರಿಸಿ ಅದಕ್ಕೆ ಸಿಎಸ್‌ಎಸ್ ಬರೆದರೆ ಸಾಕು.

ಅದೇ ಎಕ್ಸ್‌ಎಂಎಲ್‌ನಲ್ಲಿ ಥೀಮ್ ಐಡಿ ಇದೆ. ಲೈವ್ ಆದ ಮೇಲೆ ಅದನ್ನು ಮುಟ್ಟಬೇಡಿ, ಯಾಕಂದ್ರೆ ಸೈಟ್ ನೆನಪಿಟ್ಟುಕೊಳ್ಳುವುದು ಐಡಿಯನ್ನೇ. ಅದು ಬದಲಾದರೆ ಪುಟಗಳು ಡಿಫಾಲ್ಟ್ ಥೀಮ್‌ಗೆ ಹೋಗುತ್ತವೆ.

ಇನ್ನೊಂದು ವಿಷಯ, ಡಿಪ್ಲಾಯ್ ಆದರೆ ಥೀಮ್ ಪಟ್ಟಿಗೆ ಬರುತ್ತದೆ ಅಷ್ಟೇ. ಪುಟಗಳ ಸೆಟ್ಟಿಂಗ್‌ನ ‘ಲುಕ್ ಅಂಡ್ ಫೀಲ್’ಗೆ ಹೋಗಿ ನೀವೇ ಆರಿಸಬೇಕು. ಕ್ಲಸ್ಟರ್ ಇದ್ದರೆ (ಒಂದೇ ಸೈಟ್ ಹಲವು ಸರ್ವರ್‌ಗಳಲ್ಲಿ ಓಡುತ್ತಿದ್ದರೆ) ಎಲ್ಲಾ ನೋಡ್‌ಗಳಿಗೂ ಅದೇ ವಾರ್ ಹಾಕಿದ ಮೇಲೆ ಆರಿಸಿ.