ಲಿಂಕನ್ ಹತ್ಯೆಯ ಕಥೆ ಓದುವಾಗ ಎಷ್ಟು ನಂಬಬಹುದು?

ಕಾದಂಬರಿಯ ಹಾಗೆ ಬರೆದ ಇತಿಹಾಸದಲ್ಲಿ ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಹತ್ಯೆಯ ಸಂಚು ನಿಜವಾಗಿ ಎಷ್ಟಿದೆ ಅಂತ ಕೇಳಿದ್ದೀರಿ. ಸಂಚು ನಿಜವೇ. ಕೊಲೆಗಾರ, ನಟ ಜಾನ್ ವಿಲ್ಕ್ಸ್ ಬೂತ್ ಮತ್ತು ಅವನ ಗುಂಪು ಮೊದಲು ಲಿಂಕನ್ ಅವರ ಅಪಹರಣಕ್ಕೆ ಹೊಂಚು ಹಾಕಿತ್ತು. 1865ರ ಏಪ್ರಿಲ್ 14ರ ರಾತ್ರಿ ಬೂತ್ ನಾಟಕಶಾಲೆಯಲ್ಲಿ ಲಿಂಕನ್‌ಗೆ ಗುಂಡು ಹಾರಿಸಿದ. ಅದೇ ಹೊತ್ತಿಗೆ ಗುಂಪಿನ ಪೊವೆಲ್ ವಿದೇಶಾಂಗ ಸಚಿವ ಸೀವರ್ಡ್ ಮನೆಗೆ ನುಗ್ಗಿ ಚಾಕು ಹಾಕಿದ, ಸೀವರ್ಡ್ ಬದುಕುಳಿದರು. ಉಪಾಧ್ಯಕ್ಷ ಜಾನ್ಸನ್‌ರನ್ನು ಕೊಲ್ಲಬೇಕಿದ್ದ ಆಟ್ಜೆರಾಟ್ ಕುಡಿದು ಹಿಂದೆ ಸರಿದ.

ಸಂಚುಕೋರರ ಮಿಲಿಟರಿ ವಿಚಾರಣೆಯ ಸಾಕ್ಷಿ ಹೇಳಿಕೆಗಳು, ಬೂತ್‌ನ ಡೈರಿ ಇವತ್ತಿಗೂ ಉಳಿದಿವೆ. ಹಾಗಾಗಿ ಸಂಭಾಷಣೆ ಬಂದಾಗ, ಅದು ಇಂಥ ದಾಖಲೆಯಿಂದ ಬಂದಿದೆಯೇ ಅಂತ ಪುಸ್ತಕದ ಕೊನೆಯ ಟಿಪ್ಪಣಿ ತಿರುವಿ ನೋಡಿ. ಕೊಲೆಗಾರ ಮನಸ್ಸಿನಲ್ಲೇ ಅಂದುಕೊಂಡದ್ದನ್ನೂ ಬರೆದಿದ್ದರೆ ಜಾಸ್ತಿ ಎಚ್ಚರ ಬೇಕು, ಅಲ್ವಾ? ಸಂಚುಕೋರರು ಸೇರುತ್ತಿದ್ದ ವಸತಿಗೃಹದ ಒಡತಿ ಮೇರಿ ಸರಾಟ್ ಭಾಗವನ್ನಂತೂ ನಿಧಾನವಾಗಿ ಓದಿ. ಅವರನ್ನು ಗಲ್ಲಿಗೇರಿಸಿದರು. ಅವರಿಗೆ ಸಂಚಿನ ಬಗ್ಗೆ ಎಷ್ಟು ಗೊತ್ತಿತ್ತು ಎಂಬ ಚರ್ಚೆ ಇನ್ನೂ ನಿಂತಿಲ್ಲ.