ಒಬ್ಬಳೇ ಹುಡುಗಿಗಾಗಿ ಓಡಿದ ರೈಲು

ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ ಒಬ್ಬಳೇ ವಿದ್ಯಾರ್ಥಿನಿಗಾಗಿ ಒಂದು ಸ್ಟೇಷನ್ ಉಳಿಸಿಕೊಂಡಿದ್ದರಂತೆ, ನಿಜವೇ? ನಮ್ಮ ರೈಲ್ವೆಗೆ ಇಂಥ ಕರುಣೆ ಯಾಕಿಲ್ಲ? – ಸಾಗರದ ಓದುಗರೊಬ್ಬರ ಪತ್ರ.

ಅರ್ಧ ನಿಜ. 2016ರ ಜನವರಿಯಲ್ಲಿ ಈ ಕಥೆ ಲೋಕವೆಲ್ಲ ಸುತ್ತಿದಾಗ ಸ್ಟೇಷನ್ನಿನ ಹೆಸರೇ ತಪ್ಪಿತ್ತು. ಎಲ್ಲರೂ ಕಾಮಿ-ಶಿರಾತಾಕಿ ಎಂದರು. ಹುಡುಗಿ ಹತ್ತುತ್ತಿದ್ದದ್ದು ಎರಡು ಸ್ಟೇಷನ್ ಆಚೆಯ ಕ್ಯೂ-ಶಿರಾತಾಕಿಯಲ್ಲಿ. ಅದೇ ಬೋಗಿಯಲ್ಲಿ ಬೇರೆ ಮಕ್ಕಳೂ ಎಂಗಾರು ಊರಿನ ಶಾಲೆಗೆ ಹೋಗುತ್ತಿದ್ದರು. ಅವಳ ಓದು ಮುಗಿಯುವುದಕ್ಕೂ ಸ್ಟೇಷನ್ ಮುಚ್ಚುವುದಕ್ಕೂ ಹೊಂದಿಕೊಂಡದ್ದು ಹೀಗೆ: ಜಪಾನಿನಲ್ಲಿ ಶಾಲೆಯ ವರ್ಷ ಮುಗಿಯುವುದು ಮಾರ್ಚ್‌ನಲ್ಲಿ, ರೈಲಿನ ವೇಳಾಪಟ್ಟಿ ಬದಲಾಗುವುದೂ ಮಾರ್ಚ್‌ನಲ್ಲೇ. ಆ ಮಾರ್ಚ್ 26ಕ್ಕೆ ಅಲ್ಲಿ ಮುಚ್ಚಿದ್ದು ಒಂದಲ್ಲ, ಮೂರು ಸ್ಟೇಷನ್. ಈಗ ಕಾಮಿಕಾವಾ ಬಿಟ್ಟ ರೈಲಿಗೆ ಶಿರಾತಾಕಿವರೆಗೆ 37.3 ಕಿ.ಮೀ. ನಡುವೆ ಒಂದೇ ಒಂದು ಸ್ಟೇಷನ್ ಇಲ್ಲ.

ಈ ಸ್ಟೇಷನ್‌ಗಳಿದ್ದ ಸೆಕಿಹೊಕು ರೈಲು ಮಾರ್ಗದ ಹಿಂದಿನ ಕಥೆಯಲ್ಲಿ ಕರುಣೆಯನ್ನು ಹುಡುಕಬೇಡಿ. ಇದೇ ಮಾರ್ಗದ ಜೋಮೊನ್ ಸುರಂಗ ಬರೀ 507 ಮೀಟರ್ ಉದ್ದ. 1914ರಲ್ಲಿ ಮುಗಿದ ಅದನ್ನು ಕೊರೆದವರು ಸಾಲ ಮತ್ತು ಮೋಸದಿಂದ ತಂದು ಕೂಡಿಹಾಕಿದ್ದ ಕೂಲಿಗಳು. ಹೊಟ್ಟೆಗಿಲ್ಲದೆ, ಹೊಡೆತಕ್ಕೆ ಸಿಕ್ಕು ನೂರಕ್ಕೂ ಹೆಚ್ಚು ಮಂದಿ ಸತ್ತರೆನ್ನುತ್ತಾರೆ. ಹೆಣಗಳನ್ನು ಗೋಡೆಯೊಳಗೇ ಹೂತಿದ್ದಾರೆ ಎಂಬ ಮಾತು ಸುತ್ತಲ ಊರುಗಳಲ್ಲಿತ್ತು. ಪುಕಾರು ಅಂದುಕೊಂಡಿದ್ದರು. 1968ರ ಭೂಕಂಪಕ್ಕೆ ಬಿರುಕುಬಿಟ್ಟ ಗೋಡೆಯನ್ನು 1970ರಲ್ಲಿ ರಿಪೇರಿಗೆಂದು ಒಡೆದರೆ, ಇಟ್ಟಿಗೆಯ ಹಿಂದೆ ನಿಂತ ಭಂಗಿಯಲ್ಲೇ ಅಸ್ಥಿಪಂಜರ!

ಶಿರಾತಾಕಿಯ ಕಡೆ ಬೆಟ್ಟ ದಾಟಿ ಹಳಿ ಕೂಡಿದ್ದು 1932ರಲ್ಲಿ. ಅಲ್ಲಿಯತನಕ ಪಶ್ಚಿಮದಿಂದ ದ್ವೀಪದ ಈಶಾನ್ಯ ಕರಾವಳಿಯ ಅಬಾಶಿರಿ ಊರಿಗೆ ಹೋಗುವವರು ದೊಡ್ಡ ಬಳಸುದಾರಿಯಲ್ಲೇ ಹೋಗಬೇಕಿತ್ತು. ಕ್ಯೂ-ಶಿರಾತಾಕಿ ಬಂದದ್ದಂತೂ ಇನ್ನೂ ತಡವಾಗಿ, 1947ರಲ್ಲಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನನ್ನ ಪ್ರಕಾರ ಇದು ಕರುಣೆಯದ್ದಲ್ಲ, ಬಡ್ಡಿಯ ಲೆಕ್ಕ. 1987ರಲ್ಲಿ ಜಪಾನಿನ ಸರ್ಕಾರಿ ರೈಲ್ವೆಯನ್ನು ಹಲವು ಕಂಪನಿಗಳಾಗಿ ಹೋಳು ಮಾಡಿದಾಗ ಹೊಕ್ಕೈಡೊದ ಪಾಲು ನಷ್ಟದ್ದೇ ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಹೊಸ ಕಂಪನಿಗೆ 68,220 ಕೋಟಿ ಯೆನ್ ನಿಧಿ ಕಟ್ಟಿಕೊಟ್ಟು, ಬಡ್ಡಿಯಲ್ಲಿ ನಷ್ಟ ತುಂಬಿಕೊಳ್ಳಿ ಅಂದರು. ಆಮೇಲೆ ಜಪಾನಿನಲ್ಲಿ ಬಡ್ಡಿ ದರ ನೆಲಕಚ್ಚಿತು. ಇತ್ತ ಹಳ್ಳಿಗಳೂ ಖಾಲಿಯಾದವು. ಹುಡುಗಿಯ ಕಥೆಗೆ ಜಗತ್ತು ಕಣ್ಣೀರಿಟ್ಟ ಅದೇ ವರ್ಷದ ನವೆಂಬರಿನಲ್ಲಿ ಕಂಪನಿ, ಸುಮಾರು 1,237 ಕಿ.ಮೀ. ಮಾರ್ಗವನ್ನು ತನ್ನೊಬ್ಬನ ಕೈಲಿ ನಡೆಸಲಾಗದು ಎಂದು ಸಾರಿತು. ಅದು ಅದರ ಜಾಲದ ಹೆಚ್ಚುಕಡಿಮೆ ಅರ್ಧ. ಸೆಕಿಹೊಕು ಮಾರ್ಗವೂ ಆ ಪಟ್ಟಿಯಲ್ಲಿತ್ತು. ಈ ಸುದ್ದಿ ಮಾತ್ರ ನಮ್ಮ ವಾಟ್ಸಾಪ್ ಗುಂಪುಗಳಿಗೆ ಬರಲೇ ಇಲ್ಲ.

– ಸಂ.